ಕಿಡ್ನಿಗೆ ಗಿಡಮೂಲಿಕೆ: ಕಪ್ಪತಗುಡ್ಡದಿಂದ ಚೀನಾದವರೆಗೆ

ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರುವಾಸಿ. 2019ರಲ್ಲಿ ಅದು ವನ್ಯಜೀವಿಧಾಮವೂ ಆಯಿತು. ಇಂಥ ಗುಡ್ಡದ ನೆರಳಿನಲ್ಲಿ ಬೆಳೆದ ನಮ್ಮ ಕಡೆ, ಯಾರಿಗಾದರೂ ಕಿಡ್ನಿ ತೊಂದರೆ ಅಂತ ಗೊತ್ತಾದ್ರೆ ಸಾಕು, "ಗಿಡಮೂಲಿಕೆ ತಗೊಳ್ರಿ, ಸೈಡ್ ಎಫೆಕ್ಟ್ ಇರೂದಿಲ್ಲ" ಅನ್ನೋ ಸಲಹೆ ತಾನಾಗೇ ಬರುತ್ತದೆ. ಚೀನಾದಲ್ಲೂ ಕಿಡ್ನಿ ರೋಗಿಗಳಿಗೆ ಬೇರು, ತೊಗಟೆಯ ಕಷಾಯ ಕೊಡುವ ಹಳೆಯ ಪದ್ಧತಿಯಿದೆ. ಇದರಲ್ಲಿ ಸತ್ಯ ಎಷ್ಟು? ಎಂಜಿನಿಯರಿಂಗ್ ಓದುವವರ ಕಣ್ಣಿನಿಂದಲೇ ನೋಡೋಣ.

ಮೊದಲು ಫಿಲ್ಟರ್ ತಿಳಿಯೋಣ

ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಹೋಗುತ್ತದೆ, ಉಳಿದದ್ದೆಲ್ಲ ರಕ್ತಕ್ಕೆ ವಾಪಸ್. ಸೋಸುವ ಈ ವೇಗಕ್ಕೆ ಜಿಎಫ್‌ಆರ್ ಅನ್ನುತ್ತಾರೆ. ಅದು 3 ತಿಂಗಳಿಗಿಂತ ಹೆಚ್ಚು ಕಾಲ ನಿಮಿಷಕ್ಕೆ 60 ಮಿಲಿಲೀಟರಿಗಿಂತ ಕೆಳಗಿದ್ದರೆ, ಅಥವಾ ಅಷ್ಟು ಕಾಲ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದ್ದರೆ, ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. 15ಕ್ಕಿಂತ ಇಳಿದರೆ ಕೊನೆಯ ಹಂತ.

ಹೆಚ್ಚಿನವರಲ್ಲಿ ಇದಕ್ಕೆ ಕಾರಣ ಸಕ್ಕರೆ ಕಾಯಿಲೆ ಮತ್ತು ಬಿಪಿ. ಒಂದಿಷ್ಟು ನೆಫ್ರಾನ್ ಸತ್ತರೆ ಅವುಗಳ ಲೋಡ್ ಉಳಿದವುಗಳ ಮೇಲೆ ಬೀಳುತ್ತದೆ. ಒತ್ತಡ ಹೆಚ್ಚಿ, ಉರಿಯೂತವಾಗಿ, ಅವೂ ಗಾಯದ ಕಲೆಯಂತೆ ಗಟ್ಟಿಯಾಗುತ್ತವೆ. ಅಂದ್ರೆ ಇದು ಪಾಸಿಟಿವ್ ಫೀಡ್‌ಬ್ಯಾಕ್ ಲೂಪ್. ಕಿಡ್ನಿಯನ್ನು ರಕ್ಷಿಸುವುದು ಎಂದರೆ ಈ ಲೂಪ್ ಅನ್ನು ಎಲ್ಲಾದರೂ ಕಡಿಯುವುದು. ಸತ್ತ ನೆಫ್ರಾನ್ ಅನ್ನು ಯಾವ ಔಷಧವೂ ಮತ್ತೆ ಹುಟ್ಟಿಸುವುದಿಲ್ಲ.

ಗಿಡಗಳು ಏನು ಮಾಡಬಲ್ಲವು?

ಚೀನಾದವರು ಹೆಚ್ಚು ನೆಚ್ಚುವುದು ಹುವಾಂಗ್ ಚೀ ಎಂಬ ಬೇರನ್ನು. ನಮ್ಮ ಕಡಲೆ, ತೊಗರಿಯ ಕುಟುಂಬದ್ದೇ ಗಿಡ. ಪ್ರಯೋಗಾಲಯದ ಪ್ರಾಣಿಗಳಲ್ಲಿ ಇದು ಉರಿಯೂತವನ್ನೂ ಕಿಡ್ನಿ ಗಟ್ಟಿಯಾಗುವುದನ್ನೂ ತಗ್ಗಿಸಿದೆ. ಮನುಷ್ಯರ ಮೇಲೆ ನಡೆದ 22 ಪ್ರಯೋಗಗಳನ್ನು 2014ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಶೀಲನೆ ಒಟ್ಟಿಗೆ ನೋಡಿತು. ಪ್ರೋಟೀನ್ ಸೋರಿಕೆ ಕಡಿಮೆಯಾದ ಸೂಚನೆ ಇತ್ತು; ಆದರೆ ಪ್ರಯೋಗಗಳ ಗುಣಮಟ್ಟ ಸಾಲದ್ದರಿಂದ ಗಟ್ಟಿ ತೀರ್ಮಾನ ಸಿಗಲಿಲ್ಲ.

ನಮ್ಮ ಕಡೆಯ ಸಸ್ಯಗಳ ಕಥೆಯೂ ಹೀಗೇ. ಆಯುರ್ವೇದ ಬಾವಿಗೆ ಬಳಸುವ ಪುನರ್ನವ ಅಂದ್ರೆ ನಾವು ದಿನಾ ತುಳಿದುಕೊಂಡು ಹೋಗುವ ಕೊಮ್ಮೆ. ಮೂತ್ರದ ತೊಂದರೆಗೆ ಹೇಳುವ ಗೋಕ್ಷುರ ಅಂದ್ರೆ ಲಕ್ಷ್ಮೇಶ್ವರದ ಹೊಲದ ಬದುವಿನಲ್ಲಿ ಸೈಕಲ್ ಪಂಕ್ಚರ್ ಮಾಡುವ ಅದೇ ನೆಗ್ಗಿಲು ಮುಳ್ಳು. ಎರಡಕ್ಕೂ ಮೂತ್ರ ಹೆಚ್ಚಿಸುವ ಗುಣ ಹೇಳುತ್ತಾರೆ. ಆದರೆ ಮೂತ್ರ ಹೆಚ್ಚುವುದೇ ಬೇರೆ, ನೆಫ್ರಾನ್ ಉಳಿಯುವುದೇ ಬೇರೆ. ಇನ್ನೊಂದು ಮಾತು: ಕೊಮ್ಮೆಯಲ್ಲಿ ಪೊಟ್ಯಾಸಿಯಂ ಇದೆ. ಕಿಡ್ನಿ ಸೋತವರಲ್ಲಿ ಅದು ಹೊರಹೋಗದೆ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು.

ಗೆದ್ದ ಗಿಡ, ಕೊಂದ ಗಿಡ

ಗೆದ್ದ ಉದಾಹರಣೆಯೂ ಇದೆ. 1835ರಲ್ಲಿ ಸೇಬಿನ ಮರದ ತೊಗಟೆಯಿಂದ ಫ್ಲೋರಿಜಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ, ಆದರೆ ಹೊಟ್ಟೆಗೆ ತೆಗೆದುಕೊಂಡರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಅದರ ರಚನೆಯನ್ನು ಮಾರ್ಪಡಿಸುತ್ತ ಹೋಗಿ ಬಂದದ್ದೇ ಡಾಪಾಗ್ಲಿಫ್ಲೋಜಿನ್‌ನಂಥ ಗುಳಿಗೆಗಳು. 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 4,304 ಕಿಡ್ನಿ ರೋಗಿಗಳಿದ್ದರು. ಕಿಡ್ನಿ ತೀವ್ರವಾಗಿ ಕುಸಿಯುವುದು ಅಥವಾ ಕಿಡ್ನಿ, ಹೃದಯದ ತೊಂದರೆಯಿಂದ ಸಾವು, ಇವು ಬರೀ ಹುಸಿಗುಳಿಗೆ ತೆಗೆದುಕೊಂಡವರಲ್ಲಿ ಶೇ. 14.5 ಇದ್ದರೆ ಈ ಔಷಧ ಪಡೆದವರಲ್ಲಿ ಶೇ. 9.2 ಇತ್ತು.

ಈಗ ಇನ್ನೊಂದು ಮುಖ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆಯ ಗುಳಿಗೆ ನುಂಗಿದ ಮಹಿಳೆಯರ ಕಿಡ್ನಿ ಒಬ್ಬೊಬ್ಬರದಾಗಿ ಕೆಟ್ಟಿತು. ಇಂಥ ಪ್ರಕರಣಗಳು ನೂರು ದಾಟಿದವು. ಫಾಂಗ್ ಚೀ ಎಂಬ ಬೇರಿನ ಬದಲು ಹೆಸರು ಹೋಲುವ ಗುವಾಂಗ್ ಫಾಂಗ್ ಚೀ ಸೇರಿಹೋಗಿತ್ತು. ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯ ಜೀವಕೋಶಗಳ ಡಿಎನ್‌ಎಗೇ ಅಂಟಿಕೊಂಡು ಹಾಳುಮಾಡುತ್ತದೆ, ಕ್ಯಾನ್ಸರ್ ಕೂಡ ತರುತ್ತದೆ. ನಮ್ಮ ನಾಡಿನಲ್ಲಿ ಹಾವಿನ ವಿಷಕ್ಕೆ ಮದ್ದೆಂದು ಹೇಳುವ ಈಶ್ವರಿ ಬಳ್ಳಿ ಇದೇ ಕುಲದ ಗಿಡ! ಅದರಲ್ಲೂ ಇದೇ ಆಮ್ಲವಿದೆ.

ಮನೆಗೆ ಹೋದಾಗ ಏನು ಹೇಳೋಣ?

ಗಿಡಮೂಲಿಕೆ ಎಂದರೆ ಒಳ್ಳೆಯದು ಎಂದಾಗಲಿ, ಮೋಸ ಎಂದಾಗಲಿ ಹೇಳುವುದು ಬೇಡ. ಕೇಳಬೇಕಾದದ್ದು ನಾಲ್ಕು: ಯಾವ ಗಿಡ? ಎಷ್ಟು ಪ್ರಮಾಣ? ಕಾಯಿಲೆಯ ಯಾವ ಹಂತಕ್ಕೆ? ಯಾರ ಮೇಲೆ ಪರೀಕ್ಷೆಯಾಗಿದೆ? ಪೊಟ್ಟಣದ ಪುಡಿ ಕೊಟ್ಟವರು ಮೊದಲನೆಯದಕ್ಕೇ ಉತ್ತರ ಹೇಳದಿದ್ದರೆ ಅದನ್ನು ಮುಟ್ಟದಿರುವುದೇ ಲೇಸು.

ಅಪ್ಪ-ಅವ್ವನಿಗೆ ಸಕ್ಕರೆ ಕಾಯಿಲೆಯೋ ಬಿಪಿಯೋ ಇದ್ದರೆ ವರ್ಷಕ್ಕೊಮ್ಮೆಯಾದರೂ ಎರಡು ಪರೀಕ್ಷೆ ಮಾಡಿಸೋಣ: ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್. ಕಷಾಯ ಕುಡಿಯುತ್ತಿದ್ದರೆ ಅದನ್ನು ಡಾಕ್ಟರರ ಮುಂದೆ ಮುಚ್ಚಿಡದೆ ಹೇಳಲಿ. ಬಿಪಿ, ಸಕ್ಕರೆಯ ಗುಳಿಗೆಯನ್ನು ಮಾತ್ರ ಕಷಾಯದ ನೆಚ್ಚಿಕೆಯಲ್ಲಿ ತಾವಾಗಿ ನಿಲ್ಲಿಸಬಾರದು. ಕಿಡ್ನಿ ಅರ್ಧಕ್ಕಿಂತ ಹೆಚ್ಚು ಹಾಳಾಗುವವರೆಗೂ ನೋವು ಕೊಡದೆ ಸುಮ್ಮನಿರಬಲ್ಲದು. ಅದಕ್ಕೇ ಅಪ್ಪ "ನನಗೇನೂ ಆಗಿಲ್ಲ ಬಿಡು" ಅಂದರೂ ಪರೀಕ್ಷೆ ಮಾಡಿಸಲೇಬೇಕು.