ಹಾಲ್ ಆಫ್ ಫೇಮ್‌ಗೆ ಯಾರ ಹೆಸರು? ಫುಟ್‌ಬಾಲ್‌ಗೆ ಹೊಸಬರಾದ ನಿಮಗೆ

ಫುಟ್‌ಬಾಲ್ ಬಗ್ಗೆ ನಿಮಗೆ ಏನೂ ಗೊತ್ತಿಲ್ಲದಿದ್ದರೂ ಸಂಕೋಚ ಬೇಡ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಯಾರು ದೊಡ್ಡ ನಟರೆಂದು ಮನೆಯ ಹಿರಿಯರು ವಾದ ಮಾಡುವುದನ್ನು ನೀವು ಕೇಳಿದ್ದರೆ, ಈ ಪಾಠದ ಅರ್ಧ ನಿಮಗೆ ಆಗಲೇ ಬಂದಿದೆ. ಶಿಳ್ಳೆ, ಚಪ್ಪಾಳೆಗಳೆಲ್ಲ ರಾಜಾಪಾರ್ಟಿನವರಿಗೆ. ಆದರೆ ಬೆಳಗಿನ ಜಾವದವರೆಗೂ ನಾಟಕ ತಾಳ ತಪ್ಪದಂತೆ ಎತ್ತಿ ಹಿಡಿದವರು ಹಾರ್ಮೋನಿಯಂ ಮೇಷ್ಟ್ರು. ಅವರನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ? ಫುಟ್‌ಬಾಲ್ ವಾದ ಹುಟ್ಟುವುದೂ ಇದೇ ಪ್ರಶ್ನೆಯಿಂದ.

ಮೊದಲು ಪದದ ಅರ್ಥ ತಿಳಿಯೋಣ. ಹಾಲ್ ಆಫ್ ಫೇಮ್ ಎಂದರೆ ಒಂದು ಆಟದ ಶ್ರೇಷ್ಠರ ಹೆಸರುಗಳನ್ನು ಶಾಶ್ವತವಾಗಿ ಉಳಿಸುವ ಗೌರವಪಟ್ಟಿ. ಕೆಲವು ಕಡೆ ಅದಕ್ಕೆಂದೇ ಕಟ್ಟಡವಿರುತ್ತದೆ, ಕೆಲವು ಕಡೆ ಪಟ್ಟಿ ಮಾತ್ರ. ಏಷ್ಯಾದ ಫುಟ್‌ಬಾಲ್ ಒಕ್ಕೂಟ 2014ರಲ್ಲಿ ಇಂಥ ಪಟ್ಟಿ ಆರಂಭಿಸಿದಾಗ, ಮೊದಲ ಹತ್ತು ಮಂದಿಯಲ್ಲಿ ನಮ್ಮ ದೇಶದ ಆಟಗಾರ ಬೈಚುಂಗ್ ಭುಟಿಯಾ ಇದ್ದರು. ಅಮೆರಿಕದ ಕ್ಯಾಂಟನ್ ಊರಿನಲ್ಲಿ ಅಮೆರಿಕನ್ ಫುಟ್‌ಬಾಲ್‌ಗೆ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯದೇ ಆಟಕ್ಕೆ, 1963ರಿಂದ ಇಂಥ ಭವನವಿದೆ. ಆಟಗಾರ ನಿವೃತ್ತನಾಗಿ ಐದು ವರ್ಷ ಕಳೆಯುವವರೆಗೆ ಅಲ್ಲಿ ಅವನ ಹೆಸರನ್ನು ಪರಿಗಣಿಸುವುದಿಲ್ಲ. ಇದು ನನಗೆ ತುಂಬ ಮೆಚ್ಚುಗೆಯಾದ ನಿಯಮ. ಚಪ್ಪಾಳೆಯ ಸದ್ದು ಅಡಗಿದ ಮೇಲೆಯೇ ತೂಕ ಸರಿಯಾಗಿ ತಿಳಿಯುವುದು.

ಕುಣಿಗಲ್ ಸ್ಟಡ್ ಫಾರ್ಮ್‌ನ ರೇಸ್ ಕುದುರೆಯನ್ನು ಅಳೆಯುವುದು ಆಟಗಾರನನ್ನು ಅಳೆಯುವುದಕ್ಕಿಂತ ಸುಲಭ. ಅದರ ವಂಶಾವಳಿ ಕಾಗದದಲ್ಲಿದೆ, ಎಷ್ಟು ರೇಸ್ ಗೆದ್ದಿತು, ಎಷ್ಟು ಸಮಯದಲ್ಲಿ ಓಡಿತು ಎಂಬ ಲೆಕ್ಕವಿದೆ. ಫುಟ್‌ಬಾಲ್ ಆಟಗಾರನ ಬಗ್ಗೆ ಸುಲಭವಾಗಿ ಸಿಗುವ ಲೆಕ್ಕ ಗೋಲುಗಳದ್ದು ಮಾತ್ರ. ಹೊಸಬರು ಎಡವುವುದೂ ಅಲ್ಲಿಯೇ.

ಒಂದು ತಂಡದಲ್ಲಿ ಹನ್ನೊಂದು ಜನ. ಹಳೆಯ ಕಾಲದ ರೂಢಿಯಲ್ಲಿ ಗೋಲು ಕಾಯುವವರು ಒಬ್ಬರು, ಅವರ ಮುಂದೆ ಇಬ್ಬರು ಬ್ಯಾಕ್‌ಗಳು, ನಡುವೆ ಮೂವರು ಹಾಫ್ ಬ್ಯಾಕ್‌ಗಳು, ಮುಂದೆ ಐವರು ಫಾರ್ವರ್ಡ್‌ಗಳು. ಫಾರ್ವರ್ಡ್ ಗೋಲು ಹೊಡೆಯುತ್ತಾನೆ, ಪತ್ರಿಕೆಯಲ್ಲಿ ಅವನ ಹೆಸರು ಬರುತ್ತದೆ. ಹಾಫ್ ಬ್ಯಾಕ್ ಎದುರಾಳಿಯ ಕಾಲಿನಿಂದ ಚೆಂಡು ಕಸಿದು ಮುಂದಿನವನಿಗೆ ಕೊಡುತ್ತಾನೆ. ಆ ಕೆಲಸಕ್ಕೆ ಅಂಕಪಟ್ಟಿಯಲ್ಲಿ ಜಾಗವಿಲ್ಲ. ಅವನೇ ನಮ್ಮ ಹಾರ್ಮೋನಿಯಂ ಮೇಷ್ಟ್ರು.

ಈಗ ಬೆಂಗಳೂರಿನ ಆಟಗಾರರನ್ನು ನೋಡೋಣ. 1948ರ ಜುಲೈ 31, ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ತಂಡ ಫ್ರಾನ್ಸ್ ವಿರುದ್ಧ ಆಡುತ್ತಿದೆ, ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ. ಅಂದು ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು. ಪೆನಾಲ್ಟಿ ಎಂದರೆ ಗೋಲಿನಿಂದ ಹನ್ನೊಂದು ಮೀಟರ್ ದೂರದಲ್ಲಿ ಚೆಂಡಿಟ್ಟು, ಗೋಲ್‌ಕೀಪರ್ ಒಬ್ಬನನ್ನೇ ಎದುರಿಸಿ ಹೊಡೆಯುವ ಅವಕಾಶ. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಇಷ್ಟಿದ್ದೂ ಎರಡೂ ಕೈತಪ್ಪಿದವು. ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಅದು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ 2-1ರಿಂದ ಗೆದ್ದಿತು.

ಚರಿತ್ರೆಯಲ್ಲಿ ಉಳಿದ ಆ ಒಂದು ಗೋಲಿಗಾಗಿ ರಾಮನ್ ಅವರನ್ನು ಪಟ್ಟಿಗೆ ಸೇರಿಸಬೇಕೇ? ಉತ್ತರಿಸುವ ಮೊದಲು ಅದೇ ತಂಡದ ಇನ್ನೊಬ್ಬ ಬೆಂಗಳೂರಿಗರನ್ನು ನೋಡಿ. ಅಹ್ಮದ್ ಖಾನ್ 1948 ಮತ್ತು 1952ರ ಎರಡು ಒಲಿಂಪಿಕ್ಸ್ ಆಡಿದರು, 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಈಸ್ಟ್ ಬೆಂಗಾಲ್ ಕ್ಲಬ್‌ನ ಐವರು ಫಾರ್ವರ್ಡ್‌ಗಳನ್ನು ಕೋಲ್ಕತ್ತದ ಜನ ಪಂಚಪಾಂಡವರೆಂದು ಕರೆದರು, ಅವರಲ್ಲಿ ಇವರೂ ಒಬ್ಬರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು ಭಾರತ 1-10ರಿಂದ ಸೋತ ದಿನವೂ ಆ ಒಂದು ಗೋಲು ಇವರದೇ. ಒಂದು ಕ್ಷಣ ಮಿಂಚಿದವರಿಗೂ ವರ್ಷಗಟ್ಟಲೆ ಬೆಳಕು ಕೊಟ್ಟವರಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಿ. ರಾಮನ್ ಅವರ ಗೋಲು ಪಾಠಪುಸ್ತಕಕ್ಕೆ ಸೇರಬೇಕಾದದ್ದು. ಆದರೆ ಗೌರವಪಟ್ಟಿ ಒಂದು ಆಟಕ್ಕಿಂತ ಇಡೀ ಆಟದ ಬದುಕನ್ನು ನೋಡಬೇಕು ಎಂಬುದು ನನ್ನ ನಿಲುವು.

ಇನ್ನು ಹಾಫ್ ಬ್ಯಾಕ್ ಎಂ. ಕೆಂಪಯ್ಯ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆಯಿತು. ಅದಕ್ಕಿಂತ ಮೇಲಕ್ಕೆ ನಮ್ಮ ಫುಟ್‌ಬಾಲ್ ತಂಡ ಒಲಿಂಪಿಕ್ಸ್‌ನಲ್ಲಿ ಎಂದೂ ಏರಿಲ್ಲ. ಅಂದು ಆಸ್ಟ್ರೇಲಿಯಾ ವಿರುದ್ಧ ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಹೆಸರು ಎಲ್ಲರ ಬಾಯಲ್ಲಿದೆ. ಅದೇ ತಂಡದಲ್ಲಿದ್ದ, 1960ರ ರೋಮ್ ಒಲಿಂಪಿಕ್ಸ್‌ಗೂ ಹೋದ ಕೆಂಪಯ್ಯನವರ ಹೆಸರು ಅವರ ರಾಜ್ಯದಲ್ಲೇ ಎಷ್ಟು ಜನಕ್ಕೆ ಗೊತ್ತು? ಇದು ನನ್ನನ್ನು ನಿಜಕ್ಕೂ ನೋಯಿಸುತ್ತದೆ. ಮುಂದಿನ ತಲೆಮಾರಿನ ಕಾರ್ಲ್ಟನ್ ಚಾಪ್‌ಮನ್ ಕೂಡ ಮೈದಾನದ ನಡುವಿನ ಆಟಗಾರರೇ. 2020ರಲ್ಲಿ ಅವರು ತೀರಿಕೊಂಡಾಗ ವಯಸ್ಸು 49.

ನನ್ನ ಪಟ್ಟಿಯಲ್ಲಿ ಮೊದಲು ಅಹ್ಮದ್ ಖಾನ್, ಎರಡನೆಯವರು ಕೆಂಪಯ್ಯ, ಮೂರನೆಯವರು ಚಾಪ್‌ಮನ್. ನೀವು ಒಪ್ಪಬೇಕಿಲ್ಲ. ಆದರೆ ಇನ್ನು ಮುಂದೆ ಪಂದ್ಯ ನೋಡುವಾಗ ಹತ್ತು ನಿಮಿಷ ಚೆಂಡನ್ನು ಬಿಟ್ಟು ಮೈದಾನದ ನಡುವೆ ಆಡುವ ಒಬ್ಬನೇ ಒಬ್ಬ ಆಟಗಾರನನ್ನು ನೋಡಿ. ಆಮೇಲೆ ನಿಮ್ಮ ಪಟ್ಟಿ ಬರೆಯಿರಿ.