ನೆಲವನ್ನು ಬೆಸೆಯುವ ಸೂಕ್ಷ್ಮಜೀವಿಗಳು

ಕಟ್ಟಡದ ಅಂದಚೆಂದವನ್ನು ನೋಡಿ ಮೆಚ್ಚುವವರು ಬಹು ಮಂದಿ. ಅದು ನಿಂತಿರುವ ನೆಲದ ವಿಚಾರವಾಗಿ ಯೋಚಿಸುವವರು ವಿರಳ. ಗೋಡೆ, ಚಾವಣಿ, ಮಹಡಿಗಳ ಭಾರವನ್ನೆಲ್ಲ ಕಟ್ಟಕಡೆಗೆ ಹೊರಬೇಕಾದುದು ನೆಲವೇ. ಗಟ್ಟಿನೆಲ ಹತ್ತಿರದಲ್ಲಿಯೇ ಸಿಕ್ಕಿದರೆ ಪಾಯ ತೋಡಿ ಕಲ್ಲು ಕಟ್ಟಿದರೆ ಸಾಕು. ಆದರೆ ಸಮುದ್ರತೀರ, ಅಳಿವೆ, ನದಿಯ ಮೆಕ್ಕಲು ಬಯಲು ಮುಂತಾದ ಕಡೆಗಳಲ್ಲಿ ಗಟ್ಟಿನೆಲ ಅನೇಕ ವೇಳೆ ಬಹು ಆಳದಲ್ಲಿರುತ್ತದೆ. ಅಲ್ಲಿ ಕಾಂಕ್ರೀಟಿನ ಅಥವಾ ಉಕ್ಕಿನ ನೀಳವಾದ ಕಂಬಗಳನ್ನು ನೆಲದೊಳಕ್ಕಿಳಿಸಿ, ಅವುಗಳ ಮೇಲೆ ಕಟ್ಟಡವನ್ನು ಎಬ್ಬಿಸುತ್ತಾರೆ. ಈ ಕಂಬಗಳಿಗೆ ಪೈಲುಗಳೆಂದು ಹೆಸರು. ಇವುಗಳ ಸುತ್ತಲಿನ ಸಡಿಲ ಮರಳನ್ನು ಸೂಕ್ಷ್ಮಜೀವಿಗಳ ನೆರವಿನಿಂದ ಬೆಸೆದು ಗಟ್ಟಿಮಾಡುವ ವಿಧಾನವೊಂದನ್ನು ವಾಚಕರಿಗೆ ಪರಿಚಯಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಪೈಲು ಭಾರವನ್ನು ಎರಡು ಬಗೆಯಲ್ಲಿ ಹೊರುತ್ತದೆ. ಒಂದು, ಅದರ ಬುಡ ಕೆಳಗಿನ ಗಟ್ಟಿಪದರದ ಮೇಲೆ ಊರಿ ನಿಲ್ಲುವುದರಿಂದ. ಇನ್ನೊಂದು, ಅದರ ಮೈಗೂ ಸುತ್ತಲ ಮಣ್ಣಿಗೂ ನಡುವೆ ಇರುವ ಘರ್ಷಣೆಯಿಂದ. ಮರಕ್ಕೆ ಹೊಡೆದ ಮೊಳೆ ಬಿಗಿಯಾಗಿ ನಿಲ್ಲುವುದು ಮರ ಅದನ್ನು ಹಿಡಿದಿರುವುದರಿಂದ. ಅದೇ ಮೊಳೆಯನ್ನು ಮರಳಿಗೆ ಚುಚ್ಚಿದರೆ ಬೆರಳಿನಿಂದಲೇ ಅಲುಗಿಸಬಹುದು. ಆದುದರಿಂದ ಕಂಬ ಎಷ್ಟೇ ಗಟ್ಟಿಯಾಗಿದ್ದರೂ ನೆಲದ ಹಿಡಿತ ಸಡಿಲವಾದರೆ ಅದರ ಬಲದಲ್ಲಿ ಬಹುಪಾಲು ನಷ್ಟವಾದಂತೆಯೇ ಸರಿ.

ಇದು ಬರಿಯ ಪುಸ್ತಕದ ಮಾತಲ್ಲ. 2001ನೆಯ ಇಸವಿ ಜನವರಿ 26ರಂದು ಗುಜರಾತಿನ ಭುಜ್ ಪ್ರಾಂತದಲ್ಲಿ ಭೂಕಂಪವಾದಾಗ, ಕಾಂಡ್ಲಾ ಬಂದರಿನ ಕಚೇರಿಯ ಗೋಪುರ ಒಂದು ಕಡೆಗೆ ವಾಲಿತು. ಸುಮಾರು 22 ಮೀಟರ್ ಎತ್ತರದ ಆ ಕಟ್ಟಡಕ್ಕೆ 18 ಮೀಟರ್ ಉದ್ದದ 32 ಪೈಲುಗಳ ಆಧಾರವಿತ್ತು. ಅವು ಮೇಲಿನ ಜೇಡಿಪದರವನ್ನು ದಾಟಿ ಕೆಳಗಿನ ಮರಳುಪದರದಲ್ಲಿ ಕೊನೆಗೊಂಡಿದ್ದವು. ನೀರು ತುಂಬಿದ ಸಡಿಲ ಮರಳು ಭೂಕಂಪದ ಅಲುಗಾಟಕ್ಕೆ ಸಿಕ್ಕಿದಾಗ ಕಣಗಳು ಒಂದನ್ನೊಂದು ಒತ್ತಿ ನಿಲ್ಲುವುದನ್ನು ಬಿಟ್ಟು ನೀರಿನಲ್ಲಿ ತೇಲತೊಡಗುತ್ತವೆ. ನೆಲ ಸ್ವಲ್ಪ ಹೊತ್ತು ಅಂಬಲಿಯಂತಾಗುತ್ತದೆ. ಇದಕ್ಕೆ ದ್ರವೀಭವನವೆನ್ನುತ್ತಾರೆ. ಜಪಾನಿನ ನೀಗಾಟಾ ನಗರದಲ್ಲಿಯೂ 1964ರ ಭೂಕಂಪದಲ್ಲಿ ಇದೇ ಕಾರಣದಿಂದ ಮನೆಗಳ ದೊಡ್ಡ ಕಟ್ಟಡಗಳು ಒಡೆಯದೆ ಹಾಗೆಯೇ ಪಕ್ಕಕ್ಕೆ ಮಲಗಿಬಿಟ್ಟವು.

ಮರಳಿನ ಕಣಗಳನ್ನು ಒಂದಕ್ಕೊಂದು ಬೆಸೆದುಬಿಟ್ಟರೆ ಈ ಅಪಾಯ ತಗ್ಗುತ್ತದೆ. ನೀರಿನಲ್ಲಿ ಕಲಸಿದ ಸಿಮೆಂಟನ್ನು ನೆಲದೊಳಕ್ಕೆ ಒತ್ತುವುದು ಹಳೆಯ ವಿಧಾನ. ಆದರೆ ಸಿಮೆಂಟಿನ ಕಣ ನುಣ್ಣನೆಯ ಮರಳಿನ ಸಂದುಗಳಲ್ಲಿ ಸುಲಭವಾಗಿ ನುಗ್ಗಲಾರದು. ಇಲ್ಲಿಯೇ ಸೂಕ್ಷ್ಮಜೀವಿಗಳ ಪ್ರಯೋಜನ. ಸ್ಪೋರೋಸಾರ್ಸಿನಾ ಪಾಶ್ಚುರಿಯೈ ಎಂಬ ಬ್ಯಾಕ್ಟೀರಿಯ ಮಣ್ಣಿನಲ್ಲಿ ಸಹಜವಾಗಿ ವಾಸಿಸುವಂಥದು. ಅದರ ಉದ್ದ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ. ಅದು ಯೂರಿಯೇಸ್ ಎಂಬ ಕಿಣ್ವವನ್ನು ಹೇರಳವಾಗಿ ತಯಾರಿಸುತ್ತದೆ. ಈ ಕಿಣ್ವ ಯೂರಿಯಾವನ್ನು ಒಡೆದಾಗ ಅಮೋನಿಯಮ್ ಮತ್ತು ಕಾರ್ಬೊನೇಟ್ ದೊರೆಯುತ್ತವೆ. ಜೊತೆಯಲ್ಲಿ ಕ್ಯಾಲ್ಸಿಯಮ್ ಕ್ಲೋರೈಡಿನ ದ್ರಾವಣವನ್ನು ಹಾಯಿಸಿದರೆ ಕ್ಯಾಲ್ಸಿಯಮ್ಮೂ ಕಾರ್ಬೊನೇಟೂ ಕೂಡಿ ಕ್ಯಾಲ್ಸೈಟ್ ಹರಳಾಗುತ್ತದೆ. ಸುಣ್ಣಕಲ್ಲಿನಲ್ಲಿರುವುದೂ ಇದೇ ವಸ್ತು. ಹರಳುಗಳು ಕಣಗಳ ಮೈಮೇಲೂ ಅವು ಒಂದನ್ನೊಂದು ಮುಟ್ಟುವ ಜಾಗದಲ್ಲಿಯೂ ಬೆಳೆದು ಅವನ್ನು ಬೆಸೆಯುತ್ತವೆ. ಸಂದುಗಳು ಪೂರ್ತಿ ಮುಚ್ಚಬೇಕಾದ ಅಗತ್ಯವಿಲ್ಲ. ಮುಟ್ಟುವೆಡೆಗಳು ಅಂಟಿಕೊಂಡರೆ ಸಾಕು.

ಇದರಿಂದ ಪೈಲಿಗಾಗುವ ಲಾಭವನ್ನು ಸರಳ ಲೆಕ್ಕದಿಂದ ತಿಳಿಯಬಹುದು. 40 ಸೆಂಟಿಮೀಟರ್ ವ್ಯಾಸದ ಪೈಲೊಂದು 10 ಮೀಟರ್ ದಪ್ಪದ ಮರಳುಪದರದಲ್ಲಿ ಇಳಿದಿದೆಯೆಂದು ಇಟ್ಟುಕೊಳ್ಳೋಣ. ಅದರ ಸುತ್ತ 30 ಸೆಂಟಿಮೀಟರ್ ದಪ್ಪಕ್ಕೆ ಮರಳು ಬೆಸೆದು ಪೈಲಿಗೆ ಕಚ್ಚಿಕೊಂಡರೆ, ಒಟ್ಟು ವ್ಯಾಸ 1 ಮೀಟರ್ ಆಗುತ್ತದೆ. ಆಗ ಘರ್ಷಣೆಗೆ ಒದಗುವ ಮೈ ಎರಡೂವರೆ ಪಟ್ಟು ಹೆಚ್ಚಿದಂತಾಯಿತು.

ಇನ್ನು ಖರ್ಚಿನ ಕಡೆ ನೋಡೋಣ. ಹೀಗೆ ಬೆಸೆಯಬೇಕಾದ ಮರಳು ಸುಮಾರು 6.6 ಘನಮೀಟರ್. ಘನಮೀಟರಿಗೆ 80 ಕಿಲೋಗ್ರಾಂ ಕ್ಯಾಲ್ಸೈಟ್ ಬೇಕೆಂದು ಹಿಡಿದರೆ ಒಟ್ಟು ಸುಮಾರು 530 ಕಿಲೋಗ್ರಾಂ. ಸ್ವಲ್ಪವೂ ಪೋಲಾಗದಿದ್ದರೂ ಇದಕ್ಕೆ ಸುಮಾರು 317 ಕಿಲೋಗ್ರಾಂ, ಎಂದರೆ 45 ಕಿಲೋಗ್ರಾಮಿನ 7 ಮೂಟೆ ಯೂರಿಯಾ ಬೇಕು. ಕೊನೆಗೆ ಸುಮಾರು 190 ಕಿಲೋಗ್ರಾಂ ಅಮೋನಿಯಮ್ ನೀರಿನಲ್ಲಿ ಉಳಿಯುತ್ತದೆ. ಇದು ಒಂದೇ ಪೈಲಿನ ಲೆಕ್ಕವೆಂಬುದನ್ನು ಮರೆಯಬಾರದು.

ಪ್ರಯೋಗಗಳಂತೂ ಸಾಕಷ್ಟು ನಡೆದಿವೆ. ಆಸ್ಟ್ರೇಲಿಯದ ಮರ್ಡಾಕ್ ವಿಶ್ವವಿದ್ಯಾನಿಲಯದಲ್ಲಿ ವಿಕ್ಟೋರಿಯಾ ವಿಫಿನ್ ಎಂಬ ವಿದುಷಿ 2004ರಲ್ಲಿ ಈ ವಿಷಯವಾಗಿ ಪ್ರಬಂಧ ಬರೆದರು. ಅನಂತರ ನೆದರ್‌ಲೆಂಡ್ಸಿನ ಡೆಲ್ಫ್ಟ್‌ನಲ್ಲಿ 100 ಘನಮೀಟರ್ ಮರಳಿನ ಮೇಲೆ ದೊಡ್ಡ ಪ್ರಮಾಣದ ಪರೀಕ್ಷೆ ನಡೆಯಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇಸ್ರೋದೊಡನೆ ಸೇರಿ, ಇದೇ ಬ್ಯಾಕ್ಟೀರಿಯದಿಂದ ಚಂದ್ರನ ಮಣ್ಣನ್ನು ಹೋಲುವ ಪುಡಿಯನ್ನು ಇಟ್ಟಿಗೆಯಾಗಿಸಿದ ಸುದ್ದಿ 2020ರಲ್ಲಿ ಪ್ರಕಟವಾಯಿತು.

ಹಾಗೆಂದು ಇದನ್ನು ಸರ್ವರೋಗಕ್ಕೂ ಮದ್ದೆಂದು ಭಾವಿಸಬಾರದು. ಜೇಡಿಮಣ್ಣಿನ ಸಂದುಗಳು ಬ್ಯಾಕ್ಟೀರಿಯಕ್ಕಿಂತಲೂ ಕಿರಿದಾಗಿರುವುದರಿಂದ ಅಲ್ಲಿ ಈ ವಿಧಾನ ಸಾಗದು. ದ್ರಾವಣವನ್ನು ಒಳಬಿಡುವ ಕೊಳವೆಯ ಬಳಿ ಹರಳು ಬೇಗ ಕಟ್ಟಿಕೊಂಡರೆ ದೂರದ ಮರಳು ಸಡಿಲವಾಗಿಯೇ ಉಳಿಯುತ್ತದೆ. ಒಂದು ಪಕ್ಕ ಗಟ್ಟಿ, ಇನ್ನೊಂದು ಪಕ್ಕ ಮೆದುವಾದ ನೆಲ ಪೈಲಿಗೆ ಹಿತವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಉಳಿದ ಅಮೋನಿಯಮನ್ನು ಹೊರತೆಗೆದು ಶುದ್ಧಿಮಾಡದಿದ್ದರೆ ಅದು ಅಂತರ್ಜಲಕ್ಕೆ ಸೇರುತ್ತದೆ. ಬಾವಿಯ ನೀರನ್ನೇ ನಂಬಿ ಬಾಳುವ ಕರಾವಳಿಯ ಊರಿನಲ್ಲಿ ಕಟ್ಟಡ ಉಳಿಸಲು ಹೋಗಿ ಬಾವಿ ಕೆಡಿಸುವುದು ಜಾಣತನವಲ್ಲ.

ಆದುದರಿಂದ ಈ ವಿದ್ಯೆಯನ್ನು ಬಳಸುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು: ನೆಲ ಮರಳೇ? ಬೆಸುಗೆ ಎಲ್ಲ ಕಡೆಯೂ ಸಮನಾಗಿದೆಯೆ? ಉಳಿದ ನೀರು ಎಲ್ಲಿಗೆ ಹೋಗುತ್ತದೆ? ಮೊದಲನೆಯದಕ್ಕೆ ಭೂವಿಜ್ಞಾನಿ, ಎರಡನೆಯದಕ್ಕೆ ಎಂಜಿನಿಯರು, ಮೂರನೆಯದಕ್ಕೆ ರಸಾಯನಶಾಸ್ತ್ರಜ್ಞ ಉತ್ತರ ಹೇಳಬೇಕು. ಆ ನೀರನ್ನು ಕುಡಿಯುವ ಊರಿನವರ ಮಾತಿಗೂ ಅಲ್ಲಿ ಸ್ಥಾನವಿರಬೇಕು. ಮೂರಕ್ಕೂ ಸರಿಯಾದ ಉತ್ತರ ದೊರೆತ ಕಡೆ, ಕಣ್ಣಿಗೆ ಕಾಣದ ಈ ಜೀವಿಗಳನ್ನು ನಂಬಿ ಕೆಲಸಕ್ಕೆ ತೊಡಗಿಸಬಹುದು.