ಕಾಯಿ ಅಟ್ಟಕ್ಕೂ ಒಂದು ಸಾಲು ಬರೆಯಿರಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳೆ ಮನೆ ಮಾರಾಟಕ್ಕೆ ಬಂದಾಗ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಒಕ್ಕಣೆ ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ: ‘ಮೂರು ಬೆಡ್‌ರೂಂ, ದೊಡ್ಡ ಹಾಲ್, ಕಿಚನ್, ಸ್ಟೋರ್ ರೂಂ, ಒಳ್ಳೆ ವಾಸ್ತು, ಪ್ರಶಾಂತ ವಾತಾವರಣ.’ ಇದನ್ನು ಓದಿದವರಿಗೆ ಮನೆ ಕಣ್ಣಿಗೆ ಕಟ್ಟುವುದಿಲ್ಲ. ಅದು ಯಾವ ಊರಿನ ಯಾವ ಬಡಾವಣೆಯದೂ ಆಗಿರಬಹುದು. ಪಡಸಾಲೆ ನಡುಮನೆ ಎರಡೂ ಸೇರಿ ಹಾಲ್ ಆಗಿವೆ. ಕಾಳುಕಡ್ಡಿ ಇಡುತ್ತಿದ್ದ ಕತ್ತಲ ಕೋಣೆ ಬೆಡ್‌ರೂಂ ಆಗಿದೆ. ವರ್ಷವಿಡೀ ಸಾವಿರಾರು ಕಾಯಿ ಹೊತ್ತಿದ್ದ ಅಟ್ಟವಂತೂ ಸ್ಟೋರ್ ರೂಂ ಎಂಬ ಹೆಸರಿನಡಿ ಮುದುಡಿಕೊಂಡಿದೆ, ಇಲ್ಲವೇ ಪಟ್ಟಿಯಿಂದಲೇ ಮಾಯವಾಗಿದೆ. ಹೀಗೆ ಬಣ್ಣಿಸುವುದರಿಂದ ನಷ್ಟವಾಗುವುದು ಮಾರುವವರಿಗೇ ಎಂಬುದು ನನ್ನ ವಾದ. ಕೋಣೆಗೆ ಬೆಲೆ ಬರುವುದು ಅದರ ಅಳತೆಯಿಂದ, ಕಟ್ಟಿದ ಸಾಮಗ್ರಿಯಿಂದ, ಅದು ಮಾಡಿಕೊಟ್ಟ ಕೆಲಸದಿಂದ. ಈ ಮೂರನ್ನೂ ಬಿಟ್ಟು ಹೊಗಳಿಕೆಯನ್ನಷ್ಟೇ ಉಳಿಸಿಕೊಂಡರೆ ಕೊಳ್ಳುವವನ ಕೈಗೆ ಹಿಡಿಯಲು ಏನೂ ಸಿಗುವುದಿಲ್ಲ.

ಇದಕ್ಕೆ ಪುರಾವೆ ಅಮೆರಿಕದಿಂದ ಸಿಗುತ್ತದೆ. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಮತ್ತು ಪತ್ರಕರ್ತ ಸ್ಟೀಫನ್ ಡಬ್ನರ್ 2005ರಲ್ಲಿ ಬರೆದ ‘ಫ್ರೀಕನಾಮಿಕ್ಸ್’ ಪುಸ್ತಕದಲ್ಲಿ, ಮನೆ ಜಾಹೀರಾತಿನ ಪದಗಳನ್ನೂ ಕೊನೆಗೆ ಸಿಕ್ಕ ಬೆಲೆಯನ್ನೂ ಹೋಲಿಸಿ ನೋಡಿದ್ದಾರೆ. ಗ್ರಾನೈಟ್, ಮೇಪಲ್ ಮರ ಎಂದು ವಸ್ತುವಿನ ಹೆಸರು ಹೇಳಿದ ಜಾಹೀರಾತುಗಳ ಮನೆಗಳಿಗೆ ಹೆಚ್ಚು ಬೆಲೆ ಬಂದಿತ್ತು. ‘ಅದ್ಭುತ’, ‘ವಿಶಾಲ’, ‘ಮನಮೋಹಕ’ ಎಂದವಕ್ಕೆ, ಆಶ್ಚರ್ಯಸೂಚಕ ಚಿಹ್ನೆ ಹಾಕಿದವಕ್ಕೂ, ಕಡಿಮೆ. ಪದವೇ ಬೆಲೆ ಏರಿಸಿತು ಎಂದು ಇದರಿಂದ ಸಾಧಿಸಲಾಗದು, ಗ್ರಾನೈಟ್ ಹಾಕಿಸಿದ ಮನೆ ಮೊದಲೇ ದುಬಾರಿಯದಾಗಿರುತ್ತದೆ ಎಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪುತ್ತೇನೆ. ಆದರೆ ಕೊಳ್ಳುವವನೂ ಹಾಗೆಯೇ ಯೋಚಿಸುತ್ತಾನಲ್ಲ! ಹೇಳಲು ಗಟ್ಟಿಯಾದದ್ದಿದ್ದರೆ ಹೇಳುತ್ತಿದ್ದರು, ಇಲ್ಲದ್ದಕ್ಕೇ ‘ವಿಶಾಲ’ ಎಂದಿದ್ದಾರೆ ಎಂದು ಅವನು ಲೆಕ್ಕ ಹಾಕುತ್ತಾನೆ. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಕಡೆ ಒಳ್ಳೆಯ ಸರಕಿಗೂ ಕಳಪೆಯ ಬೆಲೆಯೇ ಕಟ್ಟಲ್ಪಡುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲೇ ತೋರಿಸಿದ್ದರು.

ಆದ್ದರಿಂದ ಮೊದಲು ಟೇಪು ಹಿಡಿಯಬೇಕು. ನಮ್ಮಲ್ಲಿ ಮನೆಯನ್ನು ಚದರದ ಲೆಕ್ಕದಲ್ಲಿ ಹೇಳುವ ರೂಢಿ; ಒಂದು ಚದರವೆಂದರೆ 100 ಚದರಡಿ. ಹಿರಿಯರು ಅಂಕಣದ ಲೆಕ್ಕ ಹೇಳುತ್ತಾರೆ, ಅಂದರೆ ಕಂಬದಿಂದ ಕಂಬದ ನಡುವಿನ ಜಾಗ. ಅಂಕಣ ಚೆಂದದ ಮಾತು, ಬರೆಯಲೇಬೇಕು. ಆದರೆ ಅದು ಮನೆಯಿಂದ ಮನೆಗೆ ಬದಲಾಗುವುದರಿಂದ ಪಕ್ಕದಲ್ಲಿ ಅಡಿಯ ಲೆಕ್ಕವೂ ಇರಬೇಕು. ಚದರದಲ್ಲೂ ಒಂದು ಮೋಸವಿದೆ. ಹೊರಗಿನಿಂದ 20 ಅಡಿಗೆ 30 ಅಡಿ ಇರುವ ಮನೆಯನ್ನು ಆರು ಚದರ ಎನ್ನುತ್ತೇವೆ. ಗೋಡೆ ಒಂಬತ್ತು ಇಂಚಿನ ಇಟ್ಟಿಗೆಯದಾದರೆ ಒಳಗೆ ಸಿಗುವುದು 527 ಚದರಡಿ. ಒಂದೂವರೆ ಅಡಿ ದಪ್ಪದ ಹಳೆ ಮಣ್ಣಿನ ಗೋಡೆಯಾದರೆ 17ಕ್ಕೆ 27 ಅಡಿ, ಅಂದರೆ 459 ಚದರಡಿ ಮಾತ್ರ. ಒಳಗೋಡೆಗಳನ್ನು ಕಳೆಯುವ ಮೊದಲೇ ಸುಮಾರು ಕಾಲು ಭಾಗ ಗೋಡೆಗೇ ಹೋಯಿತು. ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ಕಾಯ್ದೆ (ರೇರಾ) ಹೊರಗೋಡೆಯನ್ನು ಬಿಟ್ಟ ಒಳಅಳತೆಯನ್ನೇ ಕಾರ್ಪೆಟ್ ಏರಿಯಾ ಎಂದಿದೆ. ಹಳೆ ಮನೆ ಮಾರುವ ಕುಟುಂಬಕ್ಕೆ ಆ ಕಾಯ್ದೆ ಅನ್ವಯಿಸದಿದ್ದರೂ ಅಳೆಯುವ ಕ್ರಮ ಅನುಸರಿಸಲು ಯೋಗ್ಯ. ಒಳಅಳತೆಯನ್ನು ಕೋಣೆವಾರು ಬರೆದು, ದಪ್ಪ ಗೋಡೆಯಿಂದ ಬೇಸಿಗೆಯಲ್ಲಿ ನಡುಮನೆ ತಂಪು ಎಂದು ಪಕ್ಕದಲ್ಲೇ ಹೇಳಿದರೆ ಕಳೆದುಹೋದ ಚದರಡಿಗೂ ಒಂದು ಅರ್ಥ ಬರುತ್ತದೆ.

ಈಗ ಅಟ್ಟಕ್ಕೆ ಬರುತ್ತೇನೆ. ಈ ಸೀಮೆಯ ಮನೆಗಳಲ್ಲಿ ಅತ್ಯಂತ ಹೆಚ್ಚು ಬರೆಯಬೇಕಾದ, ಅತ್ಯಂತ ಕಡಿಮೆ ಬರೆಯಲ್ಪಡುವ ಜಾಗ ಇದು. ಬಲಿತ ಕಾಯಿಯನ್ನು ಸಿಪ್ಪೆ ಸುಲಿಯದೆ ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರು ಮಾರುಕಟ್ಟೆಗೆ ದೇಶದಲ್ಲಿ ಹೆಸರು ಬಂದದ್ದೇ ಈ ಕೊಬ್ಬರಿಯಿಂದ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,100 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ದರ ಏರುವ ತನಕ ಕಾಯಿಯನ್ನು ಕೆಡದಂತೆ ಕಾಯುವ ಜಾಗ ಎಂದರೆ ಸಂಪಾದನೆಯ ಜಾಗ. ಅದನ್ನು ‘ಸ್ಟೋರ್ ರೂಂ’ ಎಂದು ಎರಡು ಪದದಲ್ಲಿ ಮುಗಿಸುವುದು ನನಗೆ ನಿಜಕ್ಕೂ ಸಂಕಟದ ಸಂಗತಿ. ಹೀಗೆ ಬರೆದು ನೋಡಿ: ‘ಅಡುಗೆ ಮನೆಯ ಮೇಲೆ 18 ಅಡಿಗೆ 12 ಅಡಿಯ ಕಾಯಿ ಅಟ್ಟ. ಮರದ ತೊಲೆ, ಅಡಿಕೆ ದಬ್ಬೆಯ ಹಾಸು. ಮೂರು ಸಾವಿರ ಕಾಯಿ ಹಾಕುತ್ತಿದ್ದೆವು. ಎರಡು ಕಡೆ ಗಾಳಿಕಿಂಡಿ. ಪಡುವಣ ಮೂಲೆಯ ದಬ್ಬೆಗೆ ಗೆದ್ದಲು ಹಿಡಿದಿದೆ, ಬದಲಾಯಿಸಬೇಕು.’ ತೋಟ ಇರುವವನಿಗೆ ಇದು ನೇರ ಲೆಕ್ಕ. ತೋಟ ಇಲ್ಲದವನೂ ಮೂರು ಸಾವಿರ ಕಾಯಿ ಹೊತ್ತ ತೊಲೆ ಎಷ್ಟು ಗಟ್ಟಿ ಎಂದು ಊಹಿಸಿಕೊಳ್ಳುತ್ತಾನೆ. ಬಚ್ಚಲು ಮನೆಗೂ ಇದೇ ಮಾತು: ಹಂಡೆ ಒಲೆ ಇದೆಯೇ, ಮಟ್ಟೆ ಕರಟ ಉರಿಸಲು ಹೊಗೆಗೂಡು ಸರಿಯಿದೆಯೇ, ನೀರು ನಲ್ಲಿಯದೋ ಕೊಳವೆ ಬಾವಿಯದೋ, ಹೇಳಬೇಕು.

ಗೆದ್ದಲಿನ ವಿಷಯ ಜಾಹೀರಾತಿನಲ್ಲಿ ಯಾಕೆ, ನಮ್ಮ ಕಾಲಿಗೆ ನಾವೇ ಕೊಡಲಿ ಹಾಕಿಕೊಳ್ಳಬೇಕೇ ಎಂದು ಕೇಳುವವರಿದ್ದಾರೆ. ಕಾನೂನಿನ ಉತ್ತರ ಸ್ಪಷ್ಟವಿದೆ. ಬೇರೆ ಕರಾರು ಇಲ್ಲದಿದ್ದರೆ, ತನಗೆ ಗೊತ್ತಿರುವ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು ಎನ್ನುತ್ತದೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ. ಹಕ್ಕಿನ ದೋಷಕ್ಕೂ ಇದು ಅನ್ವಯ. ಅಣ್ಣತಮ್ಮಂದಿರು ಪಾಲಾದ ತೊಟ್ಟಿ ಮನೆಗಳಲ್ಲಿ ಇದು ಗೆದ್ದಲಿಗಿಂತ ದೊಡ್ಡ ವಿಷಯ: ತೊಟ್ಟಿ ಯಾರ ಪಾಲಿನದು, ನಡುಗೋಡೆ ಜಂಟಿಯೇ, ಹಿತ್ತಿಲಿಗೆ ಹೋಗುವ ದಾರಿ ಯಾರ ಕೋಣೆಯೊಳಗೆ ಹಾಯುತ್ತದೆ ಎಂಬುದನ್ನು ಬರೆಯದೆ ‘ನಾಲ್ಕು ಕೋಣೆ’ ಎಂದರೆ ಜಗಳವನ್ನೂ ಸೇರಿಸಿ ಮಾರಿದಂತೆ. ಇನ್ನು ಹಣದ ಉತ್ತರ. ಹೆಚ್ಚಿನವರು ಕೊಳ್ಳುವುದು ಸಾಲದಿಂದ. 30 ಲಕ್ಷ ರೂಪಾಯಿವರೆಗಿನ ಗೃಹಸಾಲಕ್ಕೆ ಮನೆ ಮೌಲ್ಯದ ಶೇ 90ರ ತನಕ, 75 ಲಕ್ಷದವರೆಗೆ ಶೇ 80ರ ತನಕ ಕೊಡಲು ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ. ಆ ಮೌಲ್ಯ ಕಟ್ಟಲು ಬ್ಯಾಂಕಿನ ಎಂಜಿನಿಯರ್ ಬಂದು ಅಳೆದು, ಸೂರು ನೋಡಿ ಹೋಗುತ್ತಾರೆ. ಉಬ್ಬಿಸಿ ಹೇಳಿದ ಚದರ ಅಲ್ಲಿ ಇಳಿದರೆ ಸಾಲವೂ ಇಳಿಯುತ್ತದೆ, ಮುಂಗಡದ ಮಾತುಕತೆ ಮುರಿಯುತ್ತದೆ.

ಬಂದವರು ಕಣ್ಣಾರೆ ನೋಡುತ್ತಾರಲ್ಲ, ಇಷ್ಟೆಲ್ಲ ಬರೆಯುವುದೇಕೆ ಎಂಬ ಪ್ರಶ್ನೆಗೆ ದಾರಿಯ ದೂರವೇ ಉತ್ತರ. ಬೆಂಗಳೂರಿನಿಂದ ತಿಪಟೂರಿಗೆ ಸುಮಾರು 140 ಕಿಲೋಮೀಟರ್. ಒಂದು ದಿನ ಖರ್ಚು ಮಾಡಿ ಬರುವವನು ಯಾವ ಮನೆಗೆ ಬರಬೇಕೆಂದು ಓದಿಯೇ ನಿರ್ಧರಿಸುತ್ತಾನೆ.

ಇದಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿದೆ: ಪೇಟೆಯೊಳಗಿನ ಹಳೆ ಮನೆಯನ್ನು ಕೊಳ್ಳುವವನು ಕೆಡವುತ್ತಾನೆ, ಅವನಿಗೆ ಬೇಕಿರುವುದು ನಿವೇಶನ ಮಾತ್ರ. ಬಹಳ ಸಲ ಇದು ನಿಜ. ಹಾಗಿದ್ದರೆ ನಗರಸಭೆಯ ಇ-ಖಾತೆಯಲ್ಲೋ ಪಂಚಾಯಿತಿಯ ಇ-ಸ್ವತ್ತಿನಲ್ಲೋ ಇರುವ ನಿವೇಶನದ ಉದ್ದಗಲ ಮೊದಲ ಸಾಲಿಗೆ ಬರಲಿ. ಆದರೆ ಕೆಡವುವವನಿಗೂ ತೊಲೆ, ಕಂಬ, ಬಾಗಿಲುವಾಡ, ಮಂಗಳೂರು ಹೆಂಚು, ಕಲ್ಲುಚಪ್ಪಡಿಗಳಿಗೆ ಬೇರೆಯೇ ಗಿರಾಕಿಗಳು ಸಿಗುತ್ತಾರೆ. ಅಟ್ಟದಲ್ಲಿ ಎಷ್ಟು ತೊಲೆ, ಯಾವ ಮರ, ಎಷ್ಟು ಉದ್ದ ಎಂದು ಮಾರುವವರು ಎಣಿಸಿ ಬರೆದಿಡದಿದ್ದರೆ ಕೊಂಡವನು ಎಣಿಸಿಕೊಳ್ಳುತ್ತಾನೆ, ಆ ದುಡ್ಡು ಅವನದಾಗುತ್ತದೆ.